ನಾಲ್ಕೂರ ಸಮಾಚಾರದ ಶಿವಗಣಾರಾಧನೆ

ಚನ್ನಗಿರಿ
15 ನವೆಂಬರ್ 2025, ಶನಿವಾರ ಬೆಳಿಗ್ಗೆ

‘ನಾಲ್ಕೂರ ಸಮಾಚಾರ’ ವಾರಪತ್ರಿಕೆಯ ಸಂಪಾದಕರೂ ಪ್ರಕಾಶಕರೂ ಮುದ್ರಕರೂ, ಬುಧವಾರದಿಂದ ಬಿಳಿಚೋಡಿನ ಅಕ್ಕನ ಮನೆಯಲ್ಲಿ ತಲೆಮರೆಸಿಕೊಂಡವರೂ ಆದ ಶ್ರೀ ಮಹೇಶ್ವರಪ್ಪನವರಿಗೆ, ಅವರ ಧರ್ಮಪತ್ನಿಯೂ ಸಂಬಳವಿಲ್ಲದ ಹಾಸ್ಯ ಅಂಕಣಕಾರ್ತಿಯೂ ಆದ ನಾಗರತ್ನ ಮಾಡುವ ನಮಸ್ಕಾರಗಳು.

ನೀವು ಮೊಬೈಲು ಆಫ್ ಮಾಡಿ ಕೂತಿದ್ದೀರಿ. ನಿಮ್ಮ ಅಕ್ಕನಿಗೆ ಫೋನು ಮಾಡಿದಾಗಲೆಲ್ಲ ಹೊಲಕ್ಕೆ ಹೋಗಿದ್ದಾನೆ ತಮ್ಮ ಎನ್ನುತ್ತಾರೆ. ಮೆಕ್ಕೆಜೋಳಕ್ಕೂ ಸಜ್ಜೆಗೂ ವ್ಯತ್ಯಾಸ ತಿಳಿಯದವರು ಅಲ್ಲಿ ಏನು ಮಾಡುತ್ತಿದ್ದೀರೋ ಕಾಣೆ. ಅದಕ್ಕೇ ಈ ಕಾಗದ ಬರೆದು ಜಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ನಮ್ಮ ಪತ್ರಿಕೆಯ ಕಟ್ಟನ್ನು ಪ್ರತಿ ವಾರ ತಲುಪಿಸುವ ಬಸ್ಸು ಇದನ್ನೂ ತಲುಪಿಸೀತು. ಕೂತು ಓದಿ. ಬಿ.ಪಿ. ಮಾತ್ರೆ ಚೀಲದ ಪಕ್ಕದ ಜೇಬಿನಲ್ಲಿದೆ. ಜಗಳ ಆಡಿಕೊಂಡೇ ಇಟ್ಟಿದ್ದೆ.

ವಿಷಯ ಇಷ್ಟೆ. ನಾಳೆ ಭಾನುವಾರ ಮಧ್ಯಾಹ್ನ ನಮ್ಮ ಪತ್ರಿಕೆಯ ಶಿವಗಣಾರಾಧನೆ, ಅಂದರೆ ತಿಥಿಯೂಟ. ನಾಲ್ಕು ತಾಲೂಕಿನಿಂದ ಜನ ಊಟಕ್ಕೆ ಬರುತ್ತಿದ್ದಾರೆ.

ಇದು ಹೇಗಾಯಿತೆಂದು ಮೊದಲಿಂದ ಹೇಳುತ್ತೇನೆ. ಮಂಗಳವಾರ ರೊಟ್ಟಿ ಮುರಿಯುತ್ತ, ಈ ವಾರದ್ದೇ ಕೊನೆಯ ಸಂಚಿಕೆ ಎಂದು ಅಪ್ಪಣೆ ಕೊಡಿಸಿದಿರಿ. ಕಾಗದ ತುಟ್ಟಿ, ಜಾಹೀರಾತು ಇಲ್ಲ, ಸುದ್ದಿಯೆಲ್ಲ ಬೆಳಗಾಗುವುದರೊಳಗೆ ಜನರ ಮೊಬೈಲಿಗೆ ಬಂದಿರುತ್ತದೆ ಎಂದಿರಿ. ಅದನ್ನೆಲ್ಲ ನಾನು ಒಪ್ಪಿದೆ. ಆಮೇಲೆ ಒಂದು ಮಾತು ಹೇಳಿದಿರಿ: “ಯಾರ್ ಓದ್ತಾರೆ ಇದನ್ನ? ಮಂಡಕ್ಕಿ ಕಟ್ಟಾಕೆ ತಗೊಂಡು ಹೋಗ್ತಾರೆ ಅಷ್ಟೆ.” ಪತ್ರಿಕೆಯನ್ನು ಬೈದಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಅದರ ಕೊನೆಪುಟದಲ್ಲಿ ಹತ್ತೊಂಬತ್ತು ವರ್ಷದಿಂದ ‘ಸಣ್ಣ ಕೆಮ್ಮು’ ಅಂಕಣ ಬರೆಯುತ್ತಿರುವವಳು ನಾನು. ಇಷ್ಟು ವರ್ಷ ನಾನು ಕೆಮ್ಮಿದ್ದು ಮಂಡಕ್ಕಿಯ ಕಿವಿಗೋ?

ನೀವು ಬಸ್ಸು ಹತ್ತಿದಿರಿ, ನಾನು ಅಂಕಣ ಬರೆಯಲು ಕೂತೆ. ಸಿಟ್ಟಿನಲ್ಲಿ ಪತ್ರಿಕೆಯದೇ ತಿಥಿ ಆಹ್ವಾನ ಬರೆದುಬಿಟ್ಟೆ. ‘ನಮ್ಮೆಲ್ಲರ ಪೂಜ್ಯರಾದ ನಾಲ್ಕೂರ ಸಮಾಚಾರದವರು ಐವತ್ಮೂರನೇ ವಯಸ್ಸಿನಲ್ಲಿ ಲಿಂಗೈಕ್ಯರಾಗಿದ್ದಾರೆ’ ಎಂದು ಶುರುಮಾಡಿ ಜೀವನ ಚರಿತ್ರೆಯನ್ನೂ ಸೇರಿಸಿದೆ. ಮೃತರು 1972ರಲ್ಲಿ ಚನ್ನಗಿರಿಯ ಹಿಟ್ಟಿನ ಗಿರಣಿಯ ಹಿಂಬದಿಯಲ್ಲಿ, ದಿವಂಗತ ಗುರುಸ್ವಾಮಿಯವರು, ಅಂದರೆ ನಮ್ಮ ಮಾವನವರು, ಕಾಲಿನಿಂದ ತುಳಿಯುತ್ತಿದ್ದ ಮುದ್ರಣಯಂತ್ರದಲ್ಲಿ ಜನಿಸಿದರು. ಬಾಲ್ಯದಲ್ಲಿ ಶಾಯಿಯ ಜೊತೆ ಜೋಳದ ಹಿಟ್ಟೂ ಮೆತ್ತಿಕೊಂಡು ಬೂದಿ ಬಳಿದ ಹಾಗಿದ್ದರು. ಹೊಳೆ ಹೊನ್ನಾಳಿಯೊಳಗೆ ನುಗ್ಗಿದ ವರ್ಷ ಒದ್ದೆ ಕಾಗದದ ಮೇಲೇ ಅಚ್ಚಾಗಿ, ಬಟ್ಟೆ ಹಗ್ಗದ ಮೇಲೆ ಒಣಗಿ, ಆಮೇಲೆ ಊರೂರಿಗೆ ಹೋದರು. ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯಲ್ಲಾದರೂ 1997ರಲ್ಲಿ ಕೂತ ಜಾಗದಿಂದ ಏಳದೆಯೇ ದಾವಣಗೆರೆ ಜಿಲ್ಲೆಗೆ ಸೇರಿದರು. ನ್ಯಾಮತಿಯನ್ನು ತಾಲೂಕು ಮಾಡಿ ಎಂದು ವರ್ಷಗಟ್ಟಲೆ ಬರೆದವರು, ಕಡೆಗೂ ಅದು ತಾಲೂಕಾದ ವಾರ ಮುಖಪುಟದಲ್ಲಿ ಅಡಿಕೆ ಧಾರಣೆ ಹಾಕಿಕೊಂಡು ಕೂತಿದ್ದರು. ಇಂಥ ಮಹನೀಯರ ಶಿವಗಣಾರಾಧನೆಗೆ ಸಕುಟುಂಬರಾಗಿ ಬಂದು ಗೋಧಿ ಹುಗ್ಗಿ ಸ್ವೀಕರಿಸಬೇಕೆಂದು ಕೋರಿದ್ದೆ.

ಕೊನೆಪುಟದಲ್ಲಿ ಬಂದಿದ್ದರೆ ಜನ ನಕ್ಕು ಮಡಚುತ್ತಿದ್ದರು. ಆದರೆ ನಮ್ಮ ಪುಟ ಜೋಡಿಸುವ ಕೆಂಚೇಶ ನಿಮಗೆ ಗೊತ್ತಲ್ಲ. ಆಹ್ವಾನದ ಒಕ್ಕಣೆ ಕಂಡದ್ದೇ ಅದನ್ನು ಮೂರನೇ ಪುಟದ ಕಪ್ಪು ಚೌಕಟ್ಟಿಗೆ, ನಿಜವಾಗಿ ತೀರಿಹೋದ ಇಬ್ಬರ ನಡುವೆ ಕೂರಿಸಿಬಿಟ್ಟಿದ್ದಾನೆ. ಮೊದಲ ಸಂಚಿಕೆಯ ಮುಖಪುಟದ ಫೋಟೋ ಹಾಕಿ, ಅದಕ್ಕೊಂದು ಹಾರವನ್ನೂ ತೊಡಿಸಿ, ಕೆಳಗೆ ನಮ್ಮ ಆಫೀಸಿನ ಫೋನ್ ನಂಬರು ಕೊಟ್ಟಿದ್ದಾನೆ. ನಮ್ಮ ಓದುಗರು ಪತ್ರಿಕೆ ಬಿಚ್ಚುವುದೇ ಮೂರನೇ ಪುಟದಿಂದ. ಯಾರು ಹೋದರು, ಊಟ ಯಾವತ್ತು ಎಂದು ನೋಡಿಕೊಂಡ ಮೇಲೆಯೇ ಅವರಿಗೆ ಮುಖ್ಯಮಂತ್ರಿ. ಮೂರನೇ ಪುಟದಲ್ಲಿ ಬಂತೆಂದರೆ ಸತ್ತದ್ದು ನಿಜ, ಊಟವೂ ನಿಜ.

ಗುರುವಾರದಿಂದ ಆಫೀಸಿನ ಫೋನಿಗೆ ಬಿಡುವಿಲ್ಲ. ನ್ಯಾಮತಿಯ ಏಜೆಂಟ್ ಪರಶುರಾಮ್ ಟೆಂಪೋ ಗೊತ್ತುಮಾಡಿದ್ದಾನಂತೆ, ಹೆಂಗಸರು ಮಕ್ಕಳು ಬರಬಹುದೋ ಎಂದು ಕೇಳಿದ. ಇದು ತಮಾಷೆ ಕಣಪ್ಪ ಎಂದೆ. ಸಾವಿನ ವಿಷಯದಲ್ಲಿ ತಮಾಷೆ ಮಾಡಬಾರದು ಮೇಡಂ ಎಂದು ನನಗೇ ಬುದ್ಧಿ ಹೇಳಿ ಫೋನಿಟ್ಟ. ಜಗಳೂರಿನ ಉಚ್ಚಂಗೆಪ್ಪನವರದು ದುಃಖವಲ್ಲ, ತಕರಾರು: “ಮಾರ್ಚಿಗಂಟ ಚಂದಾ ಕಟ್ಟೀನ್ರೀ ನಾನು. ಅದೆಂಗೆ ನವೆಂಬರಿಗೇ ಸಾಯ್ತೈತೆ?” ಬೈದು ಮುಗಿಸಿದ ಮೇಲೆ, ಹುಗ್ಗಿಗೆ ಒಂದು ಚೀಲ ಗೋಧಿ ತರುತ್ತೇನೆ, ಬೇರೆ ಕಡೆ ಕೊಳ್ಳಬೇಡಿ ಎಂದೂ ಸೇರಿಸಿದರು.

ಇವರಿಗೆಲ್ಲ ಹೇಗೋ ಉತ್ತರ ಕೊಟ್ಟೆ. ಆಮೇಲೆ ಕತ್ತಲಗೆರೆಯ ಭೀಮಕ್ಕ ಫೋನು ಮಾಡಿದರು. ಅವರು ಯಾರೆಂದು ನಿಮಗೆ ನೆನಪಿರಲಾರದು, ನನಗೂ ಇರಲಿಲ್ಲ. ಅವರ ಯಜಮಾನರು ಹೋದಾಗ ನಾವು ಹಾಕಿದ ಫೋಟೋ ಬಿಟ್ಟರೆ ಅವರದು ಇನ್ನೊಂದು ಫೋಟೋ ಮನೆಯಲ್ಲಿಲ್ಲವಂತೆ. ಪತ್ರಿಕೆಯಿಂದಲೇ ಕತ್ತರಿಸಿ ಕಟ್ಟು ಹಾಕಿಸಿದ್ದಾರೆ. ತಮಾಷೆ ಎಂದು ಹೇಳುವ ಮೊದಲೇ ಆಕೆ ಹೇಳಿದರು: “ಊರೋರ ಕಷ್ಟ ಎಲ್ಲಾ ಹಾಕಿದ್ರಿ ತಾಯಿ. ನಿಮ್ದಕ್ಕೇ ಹುಷಾರಿಲ್ಲ ಅಂತ ಒಂದ್ ಸಾಲು ಹಾಕ್ಲಿಲ್ಲ. ಹಾಕಿದ್ರೆ ಮೊದ್ಲೇ ಬಂದು ನೋಡ್ಕೊಂಡು ಹೋಗ್ತಿದ್ವಿ.”

ನಿಜ ಅಲ್ಲವೇನ್ರೀ? ಕೆರೆ ಏರಿ ಬಿರುಕು ಬಿಟ್ಟದ್ದು ಹಾಕಿದೆವು, ಶಾಲೆಯ ಹಂಚು ಹಾರಿದ್ದು ಹಾಕಿದೆವು. ನಮ್ಮ ಪತ್ರಿಕೆ ಎರಡು ವರ್ಷದಿಂದ ಏದುಸಿರು ಬಿಡುತ್ತಿದೆ ಎಂದು ಎಲ್ಲಾದರೂ ಒಂದು ಸಾಲು ಬರೆದೆವೆ? ಮರ್ಯಾದೆ ಹೋಗುತ್ತದೆಂದು ನೀವು ಮುಚ್ಚಿಟ್ಟಿರಿ. ನಾನು ಅದರ ಮೇಲೆ ನಗೆಹನಿ ಬರೆದು ಮುಚ್ಚಿಟ್ಟೆ.

ಈಗ ನನ್ನ ಹೆದರಿಕೆ ಕೇಳಿ. ಶಾಮಿಯಾನ ಬಂದಿದೆ, ಅಡಿಗೆಯವರು ಬಂದಿದ್ದಾರೆ, ಹುಗ್ಗಿಗೆ ಬೆಲ್ಲವೂ ಬಂದಿದೆ. ಅದರ ಹೆದರಿಕೆಯಲ್ಲ. ಶಿವಗಣಾರಾಧನೆಯ ಊಟ ಉಂಡು ಕೈತೊಳೆದ ಮೇಲೆ ನಮ್ಮ ಕಡೆ ತೀರಿಹೋದವರು ಹೋದಂತೆಯೇ. ಆಮೇಲೆ ಅವರ ಹೆಸರಿಗೆ ಚಂದಾ ಯಾರು ಕೊಡುತ್ತಾರೆ? ಜನ ಕಣ್ಣೊರೆಸಿಕೊಂಡು, ಹುಗ್ಗಿ ಉಂಡು, ಎಲೆಅಡಿಕೆ ಹಾಕಿಕೊಂಡು ಟೆಂಪೋ ಹತ್ತಿದರೆ ಪತ್ರಿಕೆ ಅಲ್ಲಿಗೆ ಮುಗಿಯಿತು. ಯಾರೂ ಕೇಡು ಬಯಸಿದ್ದಲ್ಲ, ಪದ್ಧತಿಯಂತೆ ಮುಗಿಸಿರುತ್ತಾರೆ. ಎಲೆ ಹಾಕುವ ಮೊದಲು ಒಬ್ಬರು ಎದ್ದು ನಿಂತು, ಇದು ಸತ್ತಿದೆ ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಬೇಕು. ನಾನು ಹೇಳಿದರೆ ನಗುತ್ತಾರೆ. ನನ್ನ ಕಸುಬೇ ಅದಾಯಿತಲ್ಲ. ನೀವು ಹೇಳಿದರೆ ನಂಬುತ್ತಾರೆ.

ಸತ್ತಿದೆ ಎನ್ನುವುದಾದರೂ ಬನ್ನಿ. ಬಡಿಸಲು ನಾನೇ ನಿಲ್ಲುತ್ತೇನೆ, ಒಂದು ಮಾತೂ ಆಡುವುದಿಲ್ಲ. ಆದರೆ ಬಂದವರ ಮುಖ ನೋಡಿಕೊಂಡು ಹೇಳಿ, ಬಿಳಿಚೋಡಿನಿಂದ ಹೇಳಬೇಡಿ. ಬೆಳಗಿನ ಮೊದಲ ಬಸ್ಸಿಗೆ ಹತ್ತಿದರೆ ಊಟದ ಹೊತ್ತಿಗೆ ಮೊದಲೇ ಇಲ್ಲಿರುತ್ತೀರಿ. ನಿಮ್ಮ ಅಕ್ಕನನ್ನೂ ಕರೆತನ್ನಿ. ಅವರು ಸುಳ್ಳು ಹೇಳಿ ಹೇಳಿ ದಣಿದಿರಬೇಕು.

ಇಂತು ನಿಮ್ಮ ದಾರಿ ನೋಡುತ್ತಿರುವ,
ನಾಗರತ್ನ
(ಮೃತರ ಸೊಸೆ ಎಂದು ಬರೆಯಲೋ ಬೇಡವೋ, ನಾಳೆ ತಿಳಿಸಿ.)

ಮರೆತ ಮಾತು: ಬಂದವರೇ ಕೆಂಚೇಶನ ಮೇಲೆ ಹಾರಿಬೀಳಬೇಡಿ. ಅವನದೇನೂ ತಪ್ಪಿಲ್ಲ. ಇದು ಕೊನೆಪುಟದ್ದಲ್ಲವಾ ಅಕ್ಕಾ ಎಂದು ಅವನು ಕೇಳಿದ, ಮೂರನೇ ಪುಟಕ್ಕೇ ಹಾಕು ಎಂದವಳು ನಾನು. ಹಾರ ತೊಡಿಸಿದ್ದೂ ನಂಬರು ಕೊಡಿಸಿದ್ದೂ ನಾನೇ. ನೀವು ಯಾರು ಓದುತ್ತಾರೆ ಎಂದಾಗ ಅಷ್ಟು ಕೂಗಾಡಿದೆನಲ್ಲ, ಉತ್ತರ ನನಗೂ ಗೊತ್ತಿರಲಿಲ್ಲ. ಗುರುವಾರ ಕತ್ತಲಿದ್ದಾಗಲೇ ಆಫೀಸು ತೆಗೆದು ಫೋನಿನ ಮುಂದೆ ಕೂತೆ. ಕಟ್ಟುಗಳು ಹೋದವು, ಬಿಸಿಲು ಮೇಜಿನ ತನಕ ಬಂತು, ಫೋನು ಸುಮ್ಮನೆ ಇತ್ತು. ಲೈನು ಕೆಟ್ಟಿರಬೇಕೆಂದು ನನ್ನ ಮೊಬೈಲಿನಿಂದ ನಾನೇ ಒಮ್ಮೆ ಮಾಡಿ ನೋಡಿದೆ. ಚೆನ್ನಾಗಿಯೇ ಹೊಡೆದುಕೊಂಡಿತು. ಮೊಬೈಲು ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಹೊಡೆದುಕೊಂಡಿತು ಕಣ್ರೀ. ಅದು ನಾನಲ್ಲ.