ಬಸ್ಸಿನ ಬೋರ್ಡ್ ಮ್ಯಾಲಿನ ಪಾಸ್‌ವರ್ಡು

ಅಲ್ಲ, ನನಗೆ ಕೆಲಸ ಬ್ಯಾಡ ಅಂತ ಬರೆಯೋಕೆ ಅವನ್ಯಾವನು? ತೊಂಬತ್ತೊಂಬತ್ತರ ಆಗಸ್ಟ್ ಹನ್ನೆರಡು ಇವತ್ತು. ರೂಮಲ್ಲಿ ಎಲ್ರೂ ಮಲಗ್ಯಾರೆ. ಯಾರಿಗೂ ಹೇಳಂಗಿಲ್ಲ, ಅದಕ್ಕೇ ಟೇಪ್‌ರೆಕಾರ್ಡರ್‌ಗೆ ಹೇಳ್ತಿದೀನಿ.

ಕೆಲಸಕ್ಕೆ ಅರ್ಜಿ ಹಾಕಿದ್ದ ಬೆಳಗಾವಿ ಫೌಂಡ್ರಿಗೆ ಇವತ್ತು ಫೋನ್ ಮಾಡಿದ್ರೆ ಆಫೀಸಿನ ಮೇಡಂ, ‘ಜುಬೇರ್ ಅವ್ರೇ, ಇಂಟರ್‌ವ್ಯೂಗೆ ಕರೆದ್ರೆ ನೀವೇ ಬರಲ್ಲ, ನನ್ನ ಗೆಳೆಯನ್ನ ತಗಳ್ರಿ ಅಂತ ಈಮೇಲ್ ಹಾಕಿದೀರಲ್ರೀ?’ ಅಂದ್ರು. ನಾನೆಲ್ಲಿ ಹಾಕಿದೀನಿ! ಆ ಗೆಳೆಯನ ಹೆಸರೂ ನಾನು ಕೇಳಿದ್ದಲ್ಲ.

ಹೋದ ವಾರ ದಾವಣಗೆರೆ ಕಂಪ್ಯೂಟರ್ ಅಂಗಡಿಯ ಕಲ್ಲೇಶಪ್ಪನೇ ನನಗೆ ಈಮೇಲ್ ಮಾಡಿಕೊಟ್ಟಿದ್ದು. ‘ಪಾಸ್‌ವರ್ಡ್ ಜೋರಾಗಿ ಹೇಳೋ ತಮ್ಮಾ, ನಾನೇ ಒತ್ತತೀನಿ’ ಅಂದ. ಅಂಗಡಿ ತುಂಬ ಜನ. ನಾನೂ ನಮ್ಮೂರ ಹೆಸರು ‘ಭಾನುವಳ್ಳಿ’ ಅಂತ ಕೂಗಿಬಿಟ್ಟೆ. ಯಾವನೋ ಕೇಳಿಸ್ಕಂಡು ನನ್ನ ಈಮೇಲಿಂದ್ಲೇ ಬರೆದಾನೆ.

ಇವತ್ತು ಜಗಳಕ್ಕೆ ಹೋದ್ರೆ ಕಲ್ಲೇಶಪ್ಪ ನಗ್ತಾನೆ. ‘ಹರಿಹರದ ಬಸ್ಸಿನ ಬೋರ್ಡ್ ಮ್ಯಾಲೆ ಬರೆದಿರೋದ್ನ ಗುಟ್ಟು ಅಂತೀಯೇನೋ?’

ಕೂಗಿಸಿದೋನು ನೀನೇ ಅಲ್ಲೇನಪ್ಪಾ!

ಪಾಸ್‌ವರ್ಡ್ ಬದಲಾಯಿಸಿ ಬಂದೆ. ನಾನೇ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಅದೇನಂತ ಈ ಟೇಪಿಗೂ ಹೇಳಲ್ಲ.

ಮೇಡಂ ಪಾಪ, ಒಳ್ಳೇರು. ‘ಸಾಹೇಬ್ರು ಇನ್ನೂ ಯಾರನ್ನೂ ತಗಂಡಿಲ್ಲ, ಅವರಿಗೇ ಹೇಳ್ರಿ’ ಅಂದ್ರು. ಜುಬೇರ್ ಅಂದ್ರೆ ನಾನೇ, ಅದನ್ನ ನಾನು ಬರೆದಿಲ್ಲ ಅಂತ ಹೆಂಗೆ ನಂಬಿಸ್ಲಿ? ಸಾಹೇಬ್ರು ಬರೋದು ನಾಳೆ ಹನ್ನೊಂದಕ್ಕಂತೆ. ಹನ್ನೊಂದಕ್ಕೇ ಫೋನ್ ಮಾಡ್ತೀನಿ.