ಮೋನೋ ಸಾಕು

ಅಪ್ಪ,

ನೀವು ಬಿಟ್ಟುಹೋದ ರೆಕಾರ್ಡುಗಳನ್ನು ಕೇಳೋಣವೆಂದು ಒಂದು ಸೆಕೆಂಡ್‌ಹ್ಯಾಂಡ್ ಟರ್ನ್‌ಟೇಬಲ್ ಕೊಂಡೆ. ಅದರ ಮುಳ್ಳು ಪೂರ್ತಿ ಸವೆದಿತ್ತು. ಮುಳ್ಳು ಕೂರುವ ಕಾರ್ಟ್ರಿಜ್ಜನ್ನೇ ಹೊಸದಾಗಿ ಹಾಕಿಸಲು ಇವತ್ತು ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಬಾಯಿ ಮುಚ್ಚದ ಆಸಾಮಿ.

“ಸ್ಟೀರಿಯೋನೇ ತಗೊಳ್ಳಿ ಮೇಡಂ. ಪಿಟೀಲು ಒಂದು ಕಿವಿಗೆ, ಹಾಡು ಇನ್ನೊಂದು ಕಿವಿಗೆ ಬೀಳತ್ತೆ.”

“ಮೋನೋ ಸಾಕು. ನನಗೆ ಎಡಗಿವಿ ಕೇಳಲ್ಲ.”

“ಅಯ್ಯೋ, ಹುಟ್ಟಿದಾಗಿಂದಾನಾ?”

ನಿಮ್ಮ ಪ್ಲೇಯರಿನ ಮುಳ್ಳನ್ನು ನಾನು ಮುರಿದದ್ದು, ನಿಮ್ಮ ಕೈ ಮೇಲೆದ್ದದ್ದು, ಎಲ್ಲವೂ ನಾಲಿಗೆಯ ತುದಿಗೆ ಬಂತು.

“ಇಲ್ಲ, ಚಿಕ್ಕವಳಿದ್ದಾಗ ಮೆಟ್ಟಿಲಿಂದ ಬಿದ್ದೆ,” ಎಂದೆ.

ಅವತ್ತು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಡಾಕ್ಟರಿಗೆ ನೀವು ಹೇಳಿದ್ದೂ ಅದನ್ನೇ. ನಮ್ಮ ಮನೆಗೆ ಮೆಟ್ಟಿಲೇ ಇರಲಿಲ್ಲ, ಅಪ್ಪ.