ದೋಣಿ ಹತ್ತದ ಚೀಲ

ಸ್ಮೋಲಾ ದ್ವೀಪ
6 ಮಾರ್ಚ್ 1994, ಭಾನುವಾರ

ಆಸ್ಲೌಗ್, ಈ ಕಾಗದ ನಿನ್ನ ಕೈಗೆ ಸಿಗುವಾಗ ನೀನು ಚೆನ್ನಾಗಿರುತ್ತೀಯ ಅಂದುಕೊಳ್ಳುತ್ತೇನೆ.

ಕೊನೆಗೂ ಪೆಟ್ಟಿಗೆ ಮುಚ್ಚಲಿಲ್ಲ. ಅಕ್ಕ ಬೋರ್ಗಿಲ್ಡ್ ಅದರ ಮೇಲೆ ಕೂತಳು, ಆಗಲೂ ಮುಚ್ಚಲಿಲ್ಲ. ನೀನು ಕೂತರೂ ಮುಚ್ಚದೇ ಇರೋದು ಈ ದ್ವೀಪದಲ್ಲಿ ಇನ್ನೊಂದಿದೆ ಅಕ್ಕ, ಅದು ನಿನ್ನ ಬಾಯಿ ಅಂದೆ. ಕಾಲುಚೀಲದ ಉಂಡೆ ತೆಗೆದು ಬೀಸಿದಳು. ಅರವತ್ತೊಂದಾದರೂ ಗುರಿ ತಪ್ಪುವುದಿಲ್ಲ ಮಾರಾಯ್ತಿ, ಮೂಗಿಗೇ ಬಂತು.

ಯಾವ ಪೆಟ್ಟಿಗೆ, ಏನು ಕಥೆ ಅಂತ ಕೇಳುತ್ತೀಯ. ಪ್ರಾರ್ಥನಾ ಮಂದಿರದ ಹೆಂಗಸರ ಸಂಘದವರು ಕ್ರಿಸ್ಮಸ್ ಲಾಟರಿ ನಡೆಸಿದ್ದರು. ಎರಡನೇ ಬಹುಮಾನ ಹಂದಿಯ ತೊಡೆ, ಮೊದಲನೆಯದು ಕರಾವಳಿಯ ಹಡಗಿನಲ್ಲಿ ಉತ್ತರದ ತುದಿಯವರೆಗೆ ಹೋಗಿ ಬರುವ ಪ್ರವಾಸ. ನಾನು ಹಂದಿಯ ಆಸೆಗೆ ಚೀಟಿ ತೆಗೆದವನು. ಬಂದದ್ದು ಹಡಗು. ನಲವತ್ತು ವರ್ಷ ಸಮುದ್ರದ ಮೇಲೆ ಬದುಕಿದವನಿಗೆ ಸಮುದ್ರವನ್ನೇ ಬಹುಮಾನ ಕೊಟ್ಟರು. ಮೀನಿಗೆ ಒಂದು ಲೋಟ ನೀರು ಉಡುಗೊರೆ ಕೊಟ್ಟ ಹಾಗೆ. ಹಂದಿ ಗೆದ್ದ ಪಾದ್ರಿಯ ಹೆಂಡತಿಯ ಹತ್ತಿರ ಹೋಗಿ, ಅಮ್ಮಾ ಬದಲಾಯಿಸಿಕೊಳ್ಳೋಣವಾ ಅಂತಲೂ ಕೇಳಿದೆ. ನಂಗೆ ಹಡಗಲ್ಲಿ ವಾಂತಿ ಬರುತ್ತೆ ಟೋರ್ಲೈಫ್, ಹಂದಿಯಲ್ಲಿ ಬರಲ್ಲ ಅಂದಳು.

ಇದೇ ಹದಿನಾಲ್ಕು, ಸೋಮವಾರ ಸಂಜೆ ಕ್ರಿಸ್ಟಿಯಾನ್‌ಸುಂಡ್‌ನಲ್ಲಿ ಹಡಗು ಹತ್ತುತ್ತೇನೆ. ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ನಿಮ್ಮ ಬೋಡೋ ಬಂದರಿನಲ್ಲಿ ಅದು ನಿಲ್ಲುತ್ತದೆ. ಎರಡೂವರೆ ಗಂಟೆ ನಿಲ್ಲುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಹಡಗಿನವರು ಒಂದು ಅಚ್ಚು ಹಾಕಿದ ಹಾಳೆ ಕಳಿಸಿದ್ದಾರೆ, ಏನೇನು ಬಟ್ಟೆ ತರಬೇಕು ಅಂತ. ಹವಾಮಾನ ಬೇಗ ಬದಲಾಗಬಹುದು ಎಂದು ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ನನಗೇ ಹೇಳುತ್ತಾರೆ. ಕಪ್ಪು ಕನ್ನಡಕ, ಉಣ್ಣೆ ಟೋಪಿ ಎರಡೂ ಒಂದೇ ಸಾಲಿನಲ್ಲಿವೆ. ಮೈಗೆ ತಾಗುವ ಉಣ್ಣೆ ಎರಡು ಜೊತೆ, ಅದರ ಮೇಲೆ ದಪ್ಪದ್ದು, ಅದರ ಮೇಲೆ ಗಾಳಿ ತಡೆಯುವುದು, ಊಟದ ಕೋಣೆಗೆ ಒಂದು ಮರ್ಯಾದಸ್ಥ ಅಂಗಿ. ಕೊನೆಯದು ಮಾತ್ರ ನನ್ನ ಹತ್ತಿರ ಇರಲಿಲ್ಲ, ಬೋರ್ಗಿಲ್ಡ್ ತನ್ನ ಸತ್ತ ಗಂಡನದ್ದು ತಂದುಕೊಟ್ಟಳು. ಕೊರಳು ಸಡಿಲ. ಭಾವ ಬದುಕಿದ್ದಾಗ ಇಷ್ಟು ಜಾಗ ಯಾವತ್ತೂ ಬಿಟ್ಟುಕೊಟ್ಟಿರಲಿಲ್ಲ ಅಂದೆ. ಅದಕ್ಕೆ ಮಾತ್ರ ನಕ್ಕಳು.

ಬೆಳಗ್ಗೆಯಿಂದ ನಾಲ್ಕು ಸಲ ತುಂಬಿದ್ದೇವೆ, ನಾಲ್ಕು ಸಲ ಸುರಿದಿದ್ದೇವೆ. ಕಿಟಕಿಯಾಚೆ ಬಿಸಿಲು ಬಂದರೆ ಅವಳು ಸ್ವೆಟರ್ ಒಂದು ತೆಗೆಯುತ್ತಾಳೆ, ಆಲಿಕಲ್ಲು ಬಿದ್ದರೆ ಎರಡು ಹಾಕುತ್ತಾಳೆ. ಇವತ್ತು ಹನ್ನೊಂದು ಗಂಟೆಯೊಳಗೆ ಎರಡೂ ಎರಡೆರಡು ಸಲ ಆಯಿತು. ನೀನಾಗಿದ್ದರೆ ಒಂದೇ ಸಲಕ್ಕೆ ಕಟ್ಟಿ ಮುಗಿಸುತ್ತಿದ್ದೆ. ಒಳಗಿನದು ಮೇಲೆ, ಹೊರಗಿನದು ಕೆಳಗೆ, ಕತ್ತಲಲ್ಲಿ ಕೈ ಹಾಕಿದರೂ ಮೊದಲು ಬೇಕಾದದ್ದೇ ಮೊದಲು ಸಿಗಬೇಕು. ಒಳನಾಡಿನ ಬೆಟ್ಟದವಳು ನೀನು, ಬಟ್ಟೆ ಕಟ್ಟುವುದನ್ನು ಹಿಮ ನೋಡಿ ಕಲಿತವಳು. ನಾನು ಅದನ್ನೂ ಲೇವಡಿ ಮಾಡುತ್ತಿದ್ದೆ. ಮನೆಯಿಂದ ಅಂಗಡಿಗೆ ಹೋಗೋಕೆ ಆಸ್ಲೌಗ್ ಮೂರು ದಿನದ ಬುತ್ತಿ ಕಟ್ತಾಳೆ ಅಂತ ಬಂದರಿನಲ್ಲಿ ಎಲ್ಲರ ಎದುರು ಹೇಳುತ್ತಿದ್ದೆ. ನೀನು ಮುಖ ಕೆಂಪು ಮಾಡಿಕೊಂಡು ನಗುತ್ತಿದ್ದೆ.

ನೋಡು, ಕಾಗದದ ಒಂದು ಕಡೆ ತುಂಬಿತು. ಇನ್ನೂ ತಮಾಷೆಯಲ್ಲೇ ಇದ್ದೇನೆ. ನಾನು ಏಳು ವರ್ಷ ಶಾಲೆಗೆ ಹೋದವನು, ಅದರಲ್ಲೂ ಚಳಿಗಾಲವೆಲ್ಲ ದೋಣಿಯಲ್ಲಿ. ನೀನು ಹೋದ ಮೇಲಿನ ಒಂಬತ್ತು ವರ್ಷದಲ್ಲಿ ನಿನಗೆ ಬರೆದದ್ದು ಒಂಬತ್ತು ಕ್ರಿಸ್ಮಸ್ ಕಾರ್ಡು, ಎಲ್ಲದರಲ್ಲೂ ನನ್ನ ಹೆಸರು ಬಿಟ್ಟರೆ ಇನ್ನೇನೂ ಇಲ್ಲ. ಇವತ್ತು ಬರೆಯಲೇಬೇಕು. ಯಾಕೆ ಎಂದರೆ, ಪೆಟ್ಟಿಗೆ ಮುಚ್ಚದೆ ಇದ್ದಾಗ ಬೋರ್ಗಿಲ್ಡ್ ಹೇಳಿದಳು: ಅಲ್ವೋ, ಇಷ್ಟು ದೊಡ್ಡ ಪೆಟ್ಟಿಗೆ ಎಳ್ಕೊಂಡು ಮೇಲೆ ಕೆಳಗೆ ಹೇಗೆ ಓಡಾಡ್ತೀಯ, ಒಂದು ಬೆನ್ನುಚೀಲ ತಗೋ, ಕೈ ಎರಡೂ ಖಾಲಿ ಇರುತ್ತೆ.

ನಾನು ಬೇಡ ಅಂದೆ.

ಅದು ಪ್ರಯಾಣಿಕರ ಹಡಗು ಕಣೋ, ನಿನ್ನ ಕಾಡ್ ಮೀನಿನ ದೋಣಿಯಲ್ಲ, ಬೆನ್ನುಚೀಲ ನೋಡಿ ಓಡಿಹೋಗೋ ಮೀನು ಅಲ್ಲಿ ತಟ್ಟೆಯಲ್ಲಿ ಬೆಂದಿರುತ್ತೆ ಅಂದಳು. ಬೇಡ ಅಂದರೆ ಬೇಡ ಅಂದೆ. ಸುಮ್ಮನೆ ಕೂತಿರು ಅಂದವಳೇ, ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ದೋಣಿಮನೆಯ ಅಟ್ಟ ಹತ್ತಿದ್ದಳು.

ಇಳಿದು ಬಂದಾಗ ಅವಳ ಕೈಯಲ್ಲಿ ನೀಲಿ ಚೀಲ ಇತ್ತು.

ಆಸ್ಲೌಗ್, ಅದು ಯಾವ ಚೀಲ ಎಂದು ನಿನಗೆ ಹೇಳಬೇಕಾಗಿಲ್ಲ. ಮುಚ್ಚಳದ ಮೇಲೆ ನಮ್ಮ ಹುಡುಗ ಐವಿಂಡ್‌ನ ಹೆಸರನ್ನು ನೀನೇ ಕೆಂಪು ದಾರದಲ್ಲಿ ಹೊಲಿದಿದ್ದೆ. ಬೋರ್ಗಿಲ್ಡ್ ಅದನ್ನು ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಟೋರ್ಲೈಫ್, ಇದು ಅಲೆಗೆ ಸಿಕ್ಕಿ ನೀರುಪಾಲಾಯ್ತು ಅಂದಿದ್ದೆಯಲ್ಲ ಅಂದಳು. ತೇಲ್ಕೊಂಡು ವಾಪಸ್ ಬಂತು ಅಂದೆ. ಬಾಯಿಗೆ ಅಷ್ಟೇ ಬಂತು. ಅವಳು ನಗಲಿಲ್ಲ. ಚೀಲದ ಮೇಲಿನ ಧೂಳು ಒರೆಸಿದಳು. ಆಮೇಲೆ ಹೇಳಿದಳು: ಊಟಕ್ಕೆ ಕೂರೋದರೊಳಗೆ ನೀನೇ ಅವಳಿಗೆ ಬರೀ. ಇಲ್ಲಾಂದ್ರೆ ಊಟ ಆದಮೇಲೆ ನಾನು ಫೋನ್ ಮಾಡ್ತೀನಿ. ಈಗ ಅವಳು ಅಡುಗೆಮನೆಯಲ್ಲಿದ್ದಾಳೆ, ಬಾಗಿಲು ತೆರೆದಿಟ್ಟಿದ್ದಾಳೆ, ನನ್ನ ಪೆನ್ನಿನ ಸದ್ದು ಕೇಳುತ್ತಿದ್ದಾಳೆ.

ಆದದ್ದು ಇಷ್ಟು. ಆ ವರ್ಷ ಈಸ್ಟರ್‌ಗೆ ಮುಂಚೆ, ಗರಿಗಳ ಭಾನುವಾರದ ಹಿಂದಿನ ದಿನ, ನೆನಪಿದೆಯಲ್ಲ, ಸಮುದ್ರ ಎಣ್ಣೆ ಸವರಿದ ಹಾಗಿತ್ತು, ಟೋಪಿ ತೆಗೆಯುವಷ್ಟು ಬಿಸಿಲು. ಬಲೆ ಎತ್ತಿ ಬರುವುದಕ್ಕೆ ಹೊರಟೆವು. ಐವಿಂಡ್ ಹತ್ತಿ ಅಂಗಿ, ತೆಳು ಜಾಕೆಟ್ಟಿನಲ್ಲಿ ಬಂದ, ಬೆನ್ನ ಮೇಲೆ ನೀನು ಕಟ್ಟಿಕೊಟ್ಟ ಚೀಲ. ಬಂದರಿನ ಕಟ್ಟೆಯ ಮೇಲೆ ಅವನನ್ನು ನಿಲ್ಲಿಸಿದೆ. ಬೆನ್ನುಚೀಲ ನನ್ನ ದೋಣಿ ಹತ್ತಬಾರದು, ನಮ್ಮಪ್ಪ ಇದೇ ಕಾರಣಕ್ಕೆ ಒಂದು ಸಲ ಒಂದು ಗಂಟೆ ದಾರಿ ವಾಪಸ್ ಬಂದಿದ್ದ ಅಂದೆ. ಬೆನ್ನುಚೀಲ ದೋಣಿ ಹತ್ತಿದರೆ ಮೀನು ಬಲೆ ಹತ್ತುವುದಿಲ್ಲ, ಇದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ನಿನಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ನೀನು ನಂಬುತ್ತಿರಲಿಲ್ಲ.

ಬಟ್ಟೆಯನ್ನಾದರೂ ತೆಗೆದು ಕೈಯಲ್ಲಿ ತರಬಹುದಿತ್ತಲ್ಲ ಎಂದು ನೀನು ಈಗ ಕೇಳುತ್ತೀಯ. ಐವಿಂಡ್ ಕೂಡ ಅದನ್ನೇ ಕೇಳಿದ. ಒಂದು ಗಂಟೆ ಕೆಲಸ, ಬಿಸಿಲು ನೋಡು, ನಿಮ್ಮಮ್ಮ ಹಾಕಿರೋ ಗಂಟು ಬಿಚ್ಚೋಕೇ ಎರಡು ಗಂಟೆ ಬೇಕು ಅಂದೆ. ಅವನು ನಕ್ಕ. ಎದುರಿಗಿದ್ದವರು ನಕ್ಕರೆ ನಾನು ಗೆದ್ದೆ ಅಂದುಕೊಳ್ಳುವ ಜಾತಿ ನನ್ನದು. ಹತ್ತೊಂಬತ್ತರ ಹುಡುಗ, ಅಪ್ಪನ ಎದುರು ಅಮ್ಮನ ಮಗ ಅನ್ನಿಸಿಕೊಳ್ಳೋದು ಅವನಿಗೂ ಬೇಕಿರಲಿಲ್ಲ. ಚೀಲ ಇಳಿಸಿ ಉಪ್ಪಿನ ಪೀಪಾಯಿಗಳ ಹಿಂದೆ ಇಟ್ಟ.

ವಾಯವ್ಯದಿಂದ ಹಿಮಗಾಳಿ ಎದ್ದದ್ದು, ಇಂಜಿನ್‌ಗೆ ನೀರು ಹೋದದ್ದು, ಬಂಡೆಗೆ ಬಡಿದದ್ದು, ಏಳು ಗಂಟೆ ಅದರ ಮೇಲೆ ಕೂತದ್ದು, ಇದೆಲ್ಲ ನಿನಗೆ ಹೇಳಿದ್ದು ನಿಜ. ಅವನು ನಿದ್ದೆಯಲ್ಲೇ ಹೋದ ಅಂತಲೂ ಹೇಳಿದ್ದೇನೆ. ನನ್ನ ಸ್ವೆಟರ್ ಬಿಚ್ಚಿ ಅವನಿಗೆ ಹಾಕಿದ್ದೂ ನಿಜ. ಪಾದ್ರಿ ಅದನ್ನು ಸಮಾಧಿಯ ಎದುರು ಎತ್ತಿ ಹೇಳಿದ, ಊರವರು ಇವತ್ತಿಗೂ ಹೇಳುತ್ತಾರೆ. ಒದ್ದೆ ಸ್ವೆಟರ್ ಅದು. ನಾನು ಬದುಕಿದ್ದು ಚರ್ಮಕ್ಕೆ ಅಂಟಿದ ಉಣ್ಣೆಯ ಬನಿಯನ್ನಿನಿಂದ, ಬೇರೆ ಯಾವ ದೊಡ್ಡತನದಿಂದಲೂ ಅಲ್ಲ. ಅವನ ಮೈಗೆ ತಾಗಬೇಕಾಗಿದ್ದ ಉಣ್ಣೆ ಕಟ್ಟೆಯ ಮೇಲೆ ಒದ್ದೆಯಾಗದೆ ಬೆಚ್ಚಗಿತ್ತು.

ಆಸ್ಪತ್ರೆಯಲ್ಲಿ ನೀನು ಮೊದಲು ಕೇಳಿದ್ದು, ಚೀಲ ಎಲ್ಲಿ, ಹಾಕ್ಕೊಂಡಿರಲಿಲ್ವಾ ಅಂತ. ಅಲೆ ಎಳ್ಕೊಂಡು ಹೋಯ್ತು ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಆದರೆ ಯೋಚನೆ ಮಾಡಿ ಹನ್ನೊಂದು ವರ್ಷ ಅದನ್ನೇ ಉಳಿಸಿಕೊಂಡೆ. ಮನೆಗೆ ಬಂದ ದಿನವೇ ಪೀಪಾಯಿಗಳ ಹಿಂದಿನಿಂದ ತೆಗೆದು ಅಟ್ಟಕ್ಕೆ ಏರಿಸಿ, ಹಳೆ ಬಲೆ ಮುಚ್ಚಿದೆ.

ಆಮೇಲೆ ನೀನು ಶುರುಮಾಡಿದೆ. ಮಡಿಚಿ ಕೊಡೋ ಬದಲು ಮೈಮೇಲೆ ಹಾಕಿ ಕಳಿಸಬೇಕಿತ್ತು, ನಾನು ಯಾಕೆ ಚೀಲಕ್ಕೆ ತುಂಬಿದೆ, ಯಾಕೆ ತುಂಬಿದೆ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ನಿನಗೆ ನೀನೇ ಹೇಳಿಕೊಳ್ಳುತ್ತಿದ್ದೆ. ಎರಡು ವರ್ಷ ಅದನ್ನು ಕೇಳುತ್ತಾ ನಿನ್ನ ಎದುರೇ ಕೂತು ಆಲೂಗಡ್ಡೆ ಸುಲಿದೆ. ಒಂದು ಮಾತು ಸಾಕಿತ್ತು. ಹೇಳಲಿಲ್ಲ. ನೀನು ಬೋಡೋಗೆ, ತಂಗಿಯ ಮನೆಗೆ ಹೋಗುತ್ತೇನೆ ಅಂದಾಗ ನನಗೆ ದುಃಖವಾಯಿತು ಎಂದು ಎಲ್ಲರಿಗೂ ಹೇಳಿದ್ದೇನೆ. ಆಯಿತು. ಆದರೆ ಬಸ್ಸು ತಿರುವಿನಲ್ಲಿ ಮರೆಯಾದಾಗ ಮೊದಲು ಆದದ್ದು ದುಃಖವಲ್ಲ, ಹಗುರ. ಇನ್ನು ಆ ಮಾತು ಕೇಳಬೇಕಾಗಿಲ್ಲವಲ್ಲ ಎಂದು.

ನಿನ್ನ ತಪ್ಪಿಲ್ಲ ಆಸ್ಲೌಗ್. ನೀನು ಕಟ್ಟಿದ್ದು ಸರಿಯಾಗಿಯೇ ಇತ್ತು. ಅದು ದೋಣಿಯಲ್ಲಿದ್ದಿದ್ದರೆ ಅವನಿಗೆ ಈಗ ಮೂವತ್ತು. ಬೆಳಗ್ಗೆಯಿಂದ ಬರೆಯಬೇಕಾಗಿದ್ದದ್ದು ಈ ಸಾಲುಗಳು, ಮಿಕ್ಕದ್ದೆಲ್ಲ ಹೊದಿಕೆ.

ಬುಧವಾರದ ಮಾತು. ಚೀಲ ತರುತ್ತೇನೆ, ಬೆನ್ನಿಗೆ ಹಾಕಿಕೊಂಡೇ ಹಡಗು ಹತ್ತುತ್ತೇನೆ. ಒಳಗೇನಿದೆ ನೋಡೋಣ್ವಾ ಅಂತ ಬೋರ್ಗಿಲ್ಡ್ ಕೇಳಿದಳು, ಅದು ನಮ್ಮದಲ್ಲ ಅಂದೆ. ನೀನು ಹಾಕಿದ ಗಂಟು ನೀನು ಹಾಕಿದ ಹಾಗೆಯೇ ಇದೆ. ಹನ್ನೆರಡೂವರೆಯಿಂದ ಮೂರರವರೆಗೆ ಇಳಿಯುವ ಹಲಗೆಯ ಹತ್ತಿರ ನಿಂತಿರುತ್ತೇನೆ. ಬಂದರೆ ಬೈಯಬಹುದು, ಹೊಡೆಯಬಹುದು, ಚೀಲ ಕಿತ್ತುಕೊಂಡು ಒಂದು ಮಾತೂ ಆಡದೆ ಹೋಗಬಹುದು. ನಾನು ತಮಾಷೆ ಮಾಡುವುದಿಲ್ಲ. ಪ್ರಯತ್ನ ಮಾಡುತ್ತೇನೆ. ನೀನು ಬರದಿದ್ದರೆ ನಿನ್ನ ಬಾಗಿಲಿಗೆ ಬರುವುದಿಲ್ಲ, ಬಂದರಿನ ಕಚೇರಿಯಲ್ಲಿ ನಿನ್ನ ಹೆಸರು ಹೇಳಿ ಇಟ್ಟು ಹೋಗುತ್ತೇನೆ. ಬೋಡೋ ಗಾಳಿ ಕೆಟ್ಟದ್ದು ಎಂದು ಹಾಳೆಯಲ್ಲೂ ಹಾಕಿದ್ದಾರೆ, ಬರುವುದಾದರೆ ದಪ್ಪದ್ದು…

ಬೋರ್ಗಿಲ್ಡ್ ಕರೆಯುತ್ತಿದ್ದಾಳೆ. ಉಪ್ಪುಮೀನಿನ ಬಕಲಾವು ಮಾಡಿದ್ದಾಳೆ, ಆರಿಹೋಗುತ್ತೆ ಬಾ, ಮುಗೀತಾ ಇಲ್ವಾ ಅನ್ನುತ್ತಿದ್ದಾಳೆ. ಮುಗಿಯಿತು ಅಂದಿದ್ದೇನೆ. ಎದ್ದು ಹೋಗುತ್ತೇನೆ.

ಇನ್ನೂ ನಿನ್ನ ಗಂಡ ಅನ್ನಿಸಿಕೊಂಡಿರುವ,
ಟೋರ್ಲೈಫ್

ಮರೆತದ್ದು: ಮುಗಿಯಿತು ಅಂದದ್ದು ಸುಳ್ಳು. ಊಟ ಮಾಡಲಾಗಲಿಲ್ಲ, ವಾಪಸ್ ಬಂದು ಕೂತೆ. ಐವಿಂಡ್ ನಿದ್ದೆಯಲ್ಲಿ ಹೋಗಲಿಲ್ಲ. ಕತ್ತಲಾಗುವ ಹೊತ್ತಿಗೆ, ಅಪ್ಪಾ, ಅಮ್ಮ ಆ ಚೀಲದಲ್ಲಿ ಏನೇನು ಇಟ್ಟಿದ್ಲು ಅಂತ ಕೇಳಿದ. ನಾನು ಬಿಚ್ಚಿ ನೋಡಿದವನಲ್ಲ. ಆದರೂ ಒಂದೊಂದೇ ಹೇಳಿದೆ. ಮೈಗೆ ಬಿಳಿ ಉಣ್ಣೆಯದ್ದು, ಹಾಕ್ಕೊಂಡೆ ಅಂತ ತಿಳ್ಕೋ, ತೋಳು ಎಳ್ಕೋ. ಉದ್ದ ಕಾಲಿನ ಚಡ್ಡಿ. ಬೂದು ಕಾಲುಚೀಲ, ಎರಡು ಜೊತೆ. ಚರ್ಚಿಗೆ ಹಾಕೋ ಬೂಟೂ ಇಟ್ಟಿದ್ದಾಳೆ ಕಣೋ, ಪಾದ್ರಿ ಈ ಕಡೆ ಈಜ್ಕೊಂಡು ಬಂದ್ರೆ ಇರಲಿ ಅಂತ. ಅದಕ್ಕೆ ನಕ್ಕ. ಆಮೇಲೆ ದಪ್ಪ ಸ್ವೆಟರ್ ಹೇಳಿದೆ, ಕತ್ತಿನ ಪಟ್ಟಿ ಹೇಳಿದೆ, ಕೈಗವಸು ಹೇಳುವ ಹೊತ್ತಿಗೆ ಕೇಳುವವರು ಯಾರೂ ಇರಲಿಲ್ಲ. ನಾನು ಹೇಳಿದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಗೊತ್ತಿರುವುದು ನಿನಗೊಬ್ಬಳಿಗೆ.